ಲಕ್ಕೂರಿನ ಸಸಿಗಳು ಮತ್ತು ರದ್ದಾದ ಲೈಸೆನ್ಸ್

ಮೂರು ವರ್ಷದ ಹಿಂದಿನ ಏಪ್ರಿಲ್. ಆಗ ನಾನು ಕೋಲಾರದಲ್ಲಿ ಆಟೊಮೇಷನ್ ಎಂಜಿನಿಯರ್. ಪಾಲಿಹೌಸ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಸಸಿಮನೆಗಳ ನೀರು, ಫ್ಯಾನುಗಳನ್ನು ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್‌ನಿಂದ ನಡೆಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಲಕ್ಕೂರಿನಲ್ಲಿ ನರ್ಸರಿ ನಡೆಸುವ ರತ್ನಮ್ಮ ಫೋನ್ ಮಾಡಿದರು.

"ಸಾರ್, ಎಲ್ಲಾ ನಿಂತೋಯ್ತು. ಒಳಗೆ ಕಾಲಿಡಕ್ಕಾಗ್ತಿಲ್ಲ, ಕಾದ ಬಾಣಲೆ ಆಗೋಗಿದೆ. ಬೇಗ ಬನ್ನಿ ಸಾರ್!"

ಒಳಗಿದ್ದುದು ಟೊಮೆಟೊ ಸಸಿ. ನಮ್ಮ ಕಡೆ ರೈತರು ತಮ್ಮ ಬೀಜವನ್ನೇ ನರ್ಸರಿಗೆ ಕೊಟ್ಟು ಸಸಿ ಮಾಡಿಸಿಕೊಳ್ಳುತ್ತಾರೆ. ಹಾಗಾಗಿ ಒಣಗುತ್ತಿದ್ದುದು ಊರವರ ಬೆಳೆ, ಜೊತೆಗೆ ರತ್ನಮ್ಮ ಕೊಟ್ಟ ಮಾತು.

ಹೋಗಿ ನೋಡಿದರೆ ಪರದೆಯ ಮೇಲೆ ಒಂದೇ ಸಾಲು: ಲೈಸೆನ್ಸ್ ರದ್ದಾಗಿದೆ. ಕಂಟ್ರೋಲರ್ ಮಾಡಿದ ಕಂಪನಿಯನ್ನು ಅದರ ಎದುರಾಳಿ ಕೊಂಡುಕೊಂಡು, ಇಂಟರ್ನೆಟ್ ಮೂಲಕ ಲೈಸೆನ್ಸ್ ಪರಿಶೀಲಿಸುವ ಹಳೆಯ ಸರ್ವರ್ ಮುಚ್ಚಿತ್ತು. ಪ್ರೋಗ್ರಾಂ ಇದ್ದುದು ಆ ಕಂಪನಿಯದೇ ಭಾಷೆಯಲ್ಲಿ. ಬೇರೆ ಯಂತ್ರಕ್ಕೆ ಅದು ತಿಳಿಯದು. ಫ್ಯಾನಿಗೆ ನೇರವಾಗಿ ಕರೆಂಟ್ ಕೊಡೋಣವೆಂದರೆ ಅದರೊಳಗೂ ಅವರದೇ ಚಿಪ್. ನೀರಿನ ವಾಲ್ವೂ ಅವರದೇ. ಬಿಂದಿಗೆಯಲ್ಲಿ ಹೊತ್ತು ಹಾಕಿದ ನೀರು ಆ ಕಾವಿಗೆ ಸಾಲದು. ನಮ್ಮ ಜನರ ಅಭ್ಯಾಸ ಗೊತ್ತಲ್ಲ, ಬೀಜ, ಗೊಬ್ಬರ, ಪೈಪು ಎಲ್ಲವೂ ನಂಬಿದ ಒಂದೇ ಅಂಗಡಿಯಲ್ಲಿ. ಕಷ್ಟಕ್ಕೆ ಅಂಗಡಿಯವನು ಆಗುತ್ತಾನೆಂಬ ಭರವಸೆ. ಸಾಫ್ಟ್‌ವೇರ್ ಕಂಪನಿಯನ್ನೂ ರತ್ನಮ್ಮ ಹಾಗೇ ನಂಬಿ, ಕೈಯಲ್ಲಿ ತಿರುಗಿಸುವ ವಾಲ್ವುಗಳನ್ನು ಕೀಳಿಸಿಬಿಟ್ಟಿದ್ದರು.

ಹೊಸ ಕಂಪನಿಗೆ ಫೋನ್ ಮಾಡಿ, ಒಂದು ದಿನದ ಮಟ್ಟಿಗಾದರೂ ತೆರೆಯಿರಿ ಎಂದು ಅಂಗಲಾಚಿದೆ. "ನಮ್ಮ ಹೊಸ ಸಿಸ್ಟಮ್ ಹಾಕಿಸ್ಕೊಳ್ಳಿ ಸರ್, ಎಕ್ಸ್‌ಚೇಂಜ್ ಆಫರ್ ಇದೆ" ಎಂದಳು ಆ ಕಡೆಯ ಹುಡುಗಿ, ಬಹಳ ಮರ್ಯಾದೆಯಿಂದ. ಮೈಯೆಲ್ಲ ಉರಿದುಹೋಯಿತು.

ವಿಷಯ ಹೇಳಿದೆ. "ಅಯ್ಯೋ ದೇವುಡಾ!" ಎಂದರು ರತ್ನಮ್ಮ. "ಇವತ್ತು ಸಾಯೋ ಸಸಿಗೆ ಏನ್ ಆಫರ್ ಕೊಡ್ತಾರಂತೆ?"

ಕೊನೆಗೆ ಬೀಜ ಕೊಟ್ಟವರಿಗೆಲ್ಲ ಅವರೇ ಫೋನ್ ಮಾಡಿದರು. "ನಿಮ್ ಸಸಿ ನೀವೇ ತಗೊಂಡೋಗಿ ಅಣ್ಣಾ. ಎಳೇವು ಅಂತ ನೋಡ್ಬೇಡಿ. ದನದ ಕೊಟ್ಟಿಗೇಲಾದ್ರೂ ಮಡಗಿ, ನೆರಳಿದ್ರೆ ಸಾಕು. ನನ್ ಕೈಲಿ ಉಳಿಸಕ್ಕಾಗ್ತಿಲ್ಲ."

ಟ್ರ್ಯಾಕ್ಟರ್, ಆಟೊಗಳಲ್ಲಿ ಜನ ಬಂದರು. ನಾನೂ ಸಸಿಗಳ ಟ್ರೇ ಹೊತ್ತೆ. ಒಳಗೆ ಉಸಿರು ಕಟ್ಟುತ್ತಿತ್ತು. ಬಾಗಿಲ ಕಡೆಯವು ಉಳಿದವು, ಹಿಂದಿನವು ನಿಂತಲ್ಲೇ ಬೆಂದವು. ಬೈಯುತ್ತಲೇ ಬಂದ ಒಬ್ಬ ರೈತ ತನ್ನ ಟ್ರೇಗಳಿಂದ ಬೆಂದ ಸಸಿಯೊಂದನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತ. ರತ್ನಮ್ಮ ಅವನಿಗೆ ಕೈಮುಗಿದರು. ಅದನ್ನು ನೋಡಲಾಗದೆ ನಾನು ಹೊರಗೆ ಬಂದೆ.

ಎರಡು ಕಂಪನಿಗಳ ಪೈಪೋಟಿಯಲ್ಲಿ ಸತ್ತದ್ದು ಸಸಿ; ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಮುಂದಿನ ಹಂಗಾಮಿಗೆ ರತ್ನಮ್ಮನಿಗೆ ಬೀಜ ಕೊಡಲು ಯಾರೂ ಬರಲಿಲ್ಲ.

ಯಾವ ಪ್ರೋಗ್ರಾಂ ಭಾಷೆ ಮೇಲು, ಯಾವ ಕಂಪನಿ ದೊಡ್ಡದು ಎಂಬ ವಾದಕ್ಕೆ ಈಗ ನಾನು ಕೂರುವುದಿಲ್ಲ. ಮಾರಲು ಬಂದವರಿಗೆ ಒಂದೇ ಪ್ರಶ್ನೆ: ನಿಮ್ಮ ಕಂಪನಿ ಇಲ್ಲವಾದ ದಿನ ಗಿಡಕ್ಕೆ ನೀರು ಬಿಡುವುದು ಹೇಗೆ, ತೋರಿಸಿ.