ಒಂದು ದೀರ್ಘದ ಅಂತರ

ಬೇರೆ ಮಾಡಿಬಿಡಲೇ, ಇನ್ನೊಂದು ದಿನ ಹಾಗೇ ಇರಲಿ ಎಂದು ಬಿಡಲೇ? ಮಾಡಬೇಕಾದ್ದೇನೋ ಸ್ಪಷ್ಟವಾಗಿದೆ. ನಿಯಮ ಬರೆದದ್ದೂ ತಾನೇ. ಆದರೂ ಬೆರಳು ಗುಂಡಿಯ ಮೇಲೆ ಇಳಿಯುತ್ತಿಲ್ಲ. ಇಷ್ಟಕ್ಕೆ ಇಷ್ಟು ಯೋಚನೆಯೇ ಎಂದು ತನ್ನ ಮೇಲೆ ತನಗೇ ಸಿಟ್ಟು.

ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಚಲನಚಿತ್ರ ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ದೀರ್ಘಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದಾರೆ; ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪಕ್ಕದ ಕುರ್ಚಿಯಲ್ಲಿ. ಪರದೆಯ ಮೇಲೆ ‘ತಿಳಿನೀಲಿ ಸ್ಟುಡಿಯೊ’ ಎಂಬ ಒಂದೇ ಹೆಸರು; ಅದರ ಕೆಳಗೆ ಜೇಡಿಮಣ್ಣಿನ ಗೊಂಬೆಗಳನ್ನು ಆಡಿಸಿ ತೆಗೆದ ಮಕ್ಕಳ ಚಿತ್ರಗಳ ಸಾಲು. ಬಲತುದಿಯಲ್ಲಿ ‘ಬೇರ್ಪಡಿಸು’ ಎಂಬ ಗುಂಡಿ.

ಚಿತ್ರ ತಯಾರಿಸಿದ ಸ್ಟುಡಿಯೊಗಳ ಹೆಸರನ್ನು ಸಂಗ್ರಹಾಲಯದ ಡೇಟಾಬೇಸಿನಲ್ಲಿ ಒಂದೇ ರೀತಿ ದಾಖಲಿಸುವುದು ಇವರ ಕೆಲಸ. ಒಂದೇ ಸಂಸ್ಥೆಯನ್ನು ಒಬ್ಬರು ‘ಪಿಕ್ಚರ್’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘ಪಿಕ್ಚರ್ಸ್’, ಮತ್ತೊಬ್ಬರು ನಡುವೆ ಒಂದು ಚುಕ್ಕಿ ಇಟ್ಟಿರುತ್ತಾರೆ. ಕಂಪ್ಯೂಟರಿಗೆ ಮೂರೂ ಬೇರೆ. ಹುಡುಕಿದವರಿಗೆ ಅರ್ಧ ಚಿತ್ರ ಸಿಗುವುದೇ ಇಲ್ಲ. ದೀರ್ಘಣ್ಣ ಚಿತ್ರದ ಆರಂಭದ ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿ, ಚದುರಿದ್ದನ್ನು ಒಂದುಗೂಡಿಸುತ್ತಾರೆ. ಕಣ್ಣು ಸಹಕರಿಸಿದ ದಿನ ಅರವತ್ತು ಹೆಸರು, ಇಲ್ಲದ ದಿನ ಇಪ್ಪತ್ತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಸ್ಟುಡಿಯೊ’ ಪದದ ಕೊನೆಯ ಅಕ್ಷರ. ಅದು ಹ್ರಸ್ವವೋ, ದೀರ್ಘವೋ? ಎಲ್ಲ ಕಡೆ ಹ್ರಸ್ವವೇ ಇರಲಿ ಎಂದು ಹಟ ಹಿಡಿದು ದೀರ್ಘ ತೆಗೆಯುತ್ತಾ ಹೋದವರಿಗೆ ಸಹೋದ್ಯೋಗಿಗಳು ಇಟ್ಟ ಹೆಸರೇ ದೀರ್ಘಣ್ಣ.

“ಸಿನಿಮಾ ನೋಡೋಕೂ ಸಂಬಳ ಕೊಡ್ತಾರಾ ಅಂತ ಜನ ಹೊಟ್ಟೆ ಉರ್ಕೋತಾರೆ,” ಎಂದು ನಗುತ್ತಾರೆ ಅವರು. “ನಾನು ಇಲ್ಲಿ ನೋಡಿರೋ ಸಿನಿಮಾಗಳಲ್ಲಿ ಇವತ್ತಿನವರೆಗೆ ಯಾರೂ ಸತ್ತಿಲ್ಲ, ಯಾರಿಗೂ ಮದುವೆ ಆಗಿಲ್ಲ. ಹೆಸರು ಮುಗೀತಿದ್ದ ಹಾಗೇ ನಿಲ್ಲಿಸ್ಬಿಡ್ತೀನಿ.”

ಹೆಂಡತಿಯ ದೂರು ಬೇರೆ. “ಅಡುಗೆಮನೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಒಂದಿನ ಮರೆತು ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಟ್ಟಿದ್ದೆ. ಟೀ ಬಾಯಿಗಿಟ್ಟು ಮುಖ ಕಿವಿಚಿದವರು ಡಬ್ಬಿ ತಿರುಗಿಸಿ ನೋಡಿ, ‘ಚೀಟಿ ಸರಿಯಾಗೇ ಇದೆಯಲ್ಲೇ’ ಅಂದ್ರು!”

ತಿಳಿನೀಲಿಯ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಹಾಗೆಯೇ. ಎರಡು ವರ್ಷದ ಹಿಂದೆ ‘ತಿಳಿನೀಲಿ ಸ್ಟುಡಿಯೊ’, ‘ತಿಳಿನೀಲಿ ಸ್ಟುಡಿಯೋ’ ಎಂದು ಎರಡು ಹೆಸರು ಕಣ್ಣಿಗೆ ಬಿದ್ದವು. ಊರು ಒಂದೇ, ಗೊಂಬೆಗಳ ಮೂಗೂ ಒಂದೇ ಥರ. ಎಂದಿನಂತೆ ದೀರ್ಘ ತೆಗೆದು ಎರಡನ್ನೂ ಒಂದು ಮಾಡಿದರು. ಕಳೆದ ವಾರ ಒಬ್ಬ ಹೆಂಗಸಿನ ಫೋನ್ ಬಂತು.

“ನನ್ನ ಗೊಂಬೆಗಳನ್ನೆಲ್ಲ ನಮ್ಮಕ್ಕನ ಮನೆಗೆ ಸಾಗಿಸಿದ್ದೀರಲ್ರೀ, ಯಾರನ್ನ ಕೇಳಿ?”

ಅಕ್ಕತಂಗಿಯರು ಸೇರಿ ಕಟ್ಟಿದ ಸ್ಟುಡಿಯೊ ಅದು. ಜಗಳವಾಗಿ ಬೇರೆಯಾದರು. ಹೆಸರು ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಗೆ ತಂಗಿ ತನ್ನ ಸ್ಟುಡಿಯೊಗೆ ಒಂದು ದೀರ್ಘ ಸೇರಿಸಿಕೊಂಡರು. “ಅದು ಬರೆದವನ ಕೈತಪ್ಪಲ್ಲ. ನಾನು ಬೇಕಂತಲೇ ಬರೆಸಿದ್ದು. ಈಗ ಹುಡುಕಿದ್ರೆ ನಾನು ಒಂದು ಚಿತ್ರನೂ ಮಾಡೇ ಇಲ್ಲ ಅನ್ನೋ ಹಾಗಾಗಿದೆ,” ಎಂದರಂತೆ.

“ಜಗಳ ಯಾಕೆ ಬಂತು ಅಂತ ನಾನು ಕೇಳಲಿಲ್ಲ,” ಎನ್ನುತ್ತಾರೆ ದೀರ್ಘಣ್ಣ. “ಅದಕ್ಕೆ ನಮ್ಮಲ್ಲಿ ಖಾನೆ ಇಲ್ಲ.”

ಬೇರ್ಪಡಿಸುವ ಮುನ್ನ ಎರಡೂ ಕಡೆಯವರನ್ನು ಕೇಳಬೇಕೆಂಬುದು ನಿಯಮ. ನಿನ್ನೆ ಅಕ್ಕನಿಗೆ ಫೋನ್ ಮಾಡಿದರು.

“ತಪ್ಪಾಗಿದೆ ಅಂತ ನಂಗೆ ಆವತ್ತೇ ಗೊತ್ತಾಯ್ತಪ್ಪ,” ಎಂದರಂತೆ ಅವರು. “ನಾವು ಮಾತಾಡಿ ಎಷ್ಟೋ ವರ್ಷ ಆಯ್ತು. ಅಲ್ಲೊಂದು ಕಡೆ ಅವಳ ಚಿತ್ರ ನನ್ನದರ ಪಕ್ಕ ಇತ್ತು. ತೆಗೆದು ತೆಗೆದು ನೋಡ್ತಿದ್ದೆ. ಹಾಗೇ ಬಿಡಕ್ಕಾಗಲ್ವಾ?”

“ಆಗಲ್ಲಮ್ಮ. ಅವರದು ಅವರಿಗೆ ಸೇರ್ಬೇಕು.”

“ಸರಿ ಬಿಡಿ. ನಾನು ಹೀಗೆ ಕೇಳ್ದೆ ಅಂತ ನೀವು ಅವಳಿಗೆ ಹೇಳ್ಬೇಡಿ.”

ಇದನ್ನು ಹೇಳಿ ಮುಗಿಸಿ ದೀರ್ಘಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಾರೆ. ಮತ್ತೆ ಹಾಕಿಕೊಳ್ಳುತ್ತಾರೆ. ಗುಂಡಿ ಒತ್ತುತ್ತಾರೆ. ಸದ್ದೇನೂ ಆಗುವುದಿಲ್ಲ. ಚಿತ್ರಗಳ ಸಾಲು ಅರ್ಧಕ್ಕರ್ಧ ಸರಿದು, ಕೆಳಗೆ ಇನ್ನೊಂದು ಹೆಸರು ಮೂಡುತ್ತದೆ, ದೀರ್ಘದ ಸಮೇತ.

ಕಿಟಕಿಯಲ್ಲಿ ಬಿಸಿಲು ಬರುವ ಹೊತ್ತಿಗೆ ತಂಗಿಯೇ ಫೋನ್ ಮಾಡುತ್ತಾರೆ. ಫೋನು ಮೇಜಿನ ಮೇಲಿದೆ. ದನಿ ಕೋಣೆಯೆಲ್ಲ ಕೇಳುತ್ತದೆ.

“ಬಂತು, ಬಂತು! ಎಲ್ಲಾ ಇದೆ ಕಣ್ರೀ, ಒಂದೂ ಬಿಟ್ಟಿಲ್ಲ.” ಸ್ವಲ್ಪ ತಡೆದು, “ನಮ್ಮಕ್ಕ ಕುಣಿದಾಡಿರ್ಬೇಕು, ಅಲ್ವಾ? ಏನಂದ್ಲು?”

“ಎರಡೂ ಬೇರೆ ಅಂತ ಒಪ್ಕೊಂಡ್ರಮ್ಮ.”

“ಅಷ್ಟೇನಾ?”

ದೀರ್ಘಣ್ಣ ಪರದೆಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು. “ಅಕ್ಷರ ಎಲ್ಲ ಸರಿಯಾಗಿದ್ಯಾ, ಇನ್ನೊಂದ್ಸಲ ನೋಡ್ಕೊಳ್ಳಿ,” ಎನ್ನುತ್ತಾರೆ.

ಅಕ್ಕ ಏನು ಕೇಳಿದ್ದರೆಂದು ಅವರು ತಂಗಿಗೆ ಹೇಳಲಿಲ್ಲ. ಬರೆಯಬೇಡಿ ಎಂದು ನನಗೂ ಹೇಳಲಿಲ್ಲ.