ದಾರ ಹೋಗವಲ್ದು

ನಮ್ಮ ಸಂತೇಬೆನ್ನೂರಿನ ಕಡೆ ಯಾವುದೂ ಸುಮ್ಮನೆ ಕೆಡುವುದಿಲ್ಲ, ಎಲ್ಲವೂ ಒಲ್ಲೆ ಎನ್ನುತ್ತದೆ. ಮಳೆ ಬರವಲ್ದು, ಬೀಗ ತೆಗೆಯವಲ್ದು, ಎಮ್ಮೆ ಮೇಯವಲ್ದು. ಮನಸ್ಸು ಮಾಡಿದರೆ ಆದೀತು, ಸದ್ಯಕ್ಕೆ ಮನಸ್ಸಿಲ್ಲ ಎಂಬ ಧಾಟಿ. ಒಲ್ಲೆ ಎಂದವರನ್ನು ಒಲಿಸಿಕೊಳ್ಳಬೇಕಲ್ಲ? ನಮ್ಮಪ್ಪ ಟೈಲರ್. ಮಷಿನ್ ನಿಂತರೆ ರಿಪೇರಿಯವರನ್ನು ಕರೆಯುವ ಮೊದಲು ಅದಕ್ಕೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಎರಡು ಒಳ್ಳೆಯ ಮಾತಾಡುತ್ತಿದ್ದರು. ಎಷ್ಟೋ ಸಲ ಅದು ಓಡಿದ್ದೂ ಉಂಟು.

ಹೋದ ವರ್ಷ ರಜೆಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಮುಂಬಾಗಿಲ ಪಕ್ಕದ ಅಂಗಡಿಯಿಂದ ಅಪ್ಪ ನನ್ನನ್ನು ಕರೆದರು.

"ದಾರ ಸೂಜಿಗೆ ಹೋಗವಲ್ದು ನೋಡವ್ವ."

ಕನ್ನಡಕ ಬದಲಿಸಿ ಅಂದರೆ ಕೇಳುವುದಿಲ್ಲ ಎಂದು ಅವ್ವ ಒಳಗಿನಿಂದಲೇ ಗೊಣಗಿದಳು. ನಾನು ಹೋಗಿ ನೋಡಿದೆ. ಹೋಗಪ್ಪ, ಹೋಗು ರಾಜ ಎಂದು ಅಪ್ಪ ದಾರವನ್ನು ಪುಸಲಾಯಿಸುತ್ತಿದ್ದರು. ದಾರ ಸೂಜಿಯ ಹತ್ತಿರವೂ ಇರಲಿಲ್ಲ. ಅವರ ಬಲಗೈ ಗೇಣು ದೂರದಲ್ಲಿ, ಬರಿಗಾಳಿಗೆ ದಾರ ಪೋಣಿಸುತ್ತಿತ್ತು. ತುಟಿಯ ಒಂದು ಮೂಲೆ ಕೆಳಗೆ ಜಾರಿತ್ತು.

ಇದು ಲಕ್ವ ಎಂದು ನನಗೆ ಹೊಳೆಯಿತು. ಆಸ್ಪತ್ರೆಗೆ ಹೊರಡಿ ಎಂದರೆ, ಮದುವೆ ಮನೆಯವರ ಜಂಪರ್ ಮುಗಿಯಲಿ ಅಂದರು. ಅಷ್ಟರಲ್ಲಿ ಕೈ ಪೂರಾ ಬಿದ್ದುಹೋಯಿತು. ಜೋಮು ಹಿಡಿದಿದೆ, ಈಗ ಬರುತ್ತೆ ಎಂದು ಅವ್ವ ಎಣ್ಣೆ ತಂದು ತಿಕ್ಕತೊಡಗಿದಳು. ಗಂಡ ಹೆಂಡತಿ ಇಬ್ಬರೂ ಸೇರಿ, ಮುನಿಸಿಕೊಂಡ ಕೂಸಿಗೆ ಉಣಿಸುವವರಂತೆ, ಆ ಕೈಯನ್ನು ರಮಿಸುತ್ತ ಕೂತುಬಿಟ್ಟರು. ಹೆದರಿಕೆಗೆ ನನಗೆ ಸಿಟ್ಟೇ ಬಂತು. ಎಣ್ಣೆ ಬಟ್ಟಲು ಕಿತ್ತಿಟ್ಟು, ಪಕ್ಕದ ಮನೆಯವರನ್ನು ಕೂಗಿ ಅವರ ಕಾರು ತೆಗೆಸಿದೆ.

ಅಪ್ಪ ಉಳಿದರು, ಕೈ ಉಳಿಯಲಿಲ್ಲ. ಅದು ಆಮೇಲಿನ ಮಾತು. ದಾವಣಗೆರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನಗೇನು ಗೊತ್ತು? ರಸ್ತೆಯ ಪ್ರತಿ ಉಬ್ಬಿಗೂ ಆ ಕೈ ನನ್ನ ಮಡಿಲಿಂದ ಜಾರುತ್ತಿತ್ತು, ಮತ್ತೆ ಎತ್ತಿಟ್ಟುಕೊಳ್ಳುತ್ತಿದ್ದೆ. ದಾರಿಯಲ್ಲೇ ಏನಾದರೂ ಆಗಿಬಿಟ್ಟರೆ ಎಂದು ಭಯವಾಗಿತ್ತು. ಬೇಗ ಹೋಗ್ರಿ, ಬೇಗ ಹೋಗ್ರಿ ಎನ್ನುತ್ತಲೇ ಇದ್ದೆ. ಏನಾದರೂ ಮಾತಾಡಿಸಬೇಕೆಂದು, ಕೈ ಏಳವಲ್ದೇನಪ್ಪಾಜಿ ಎಂದು ಅವರ ಧಾಟಿಯಲ್ಲೇ ಕೇಳಿದೆ.

ಅಪ್ಪ ಕೈಯನ್ನೇ ನೋಡಿದರು. ನಾಲಿಗೆ ತೊದಲುತ್ತಿತ್ತು.

"ಇಲ್ಲವ್ವ. ನನಗೆ ಎತ್ತಾಕೆ ಆಗಂಗಿಲ್ಲ."

ತನಗೆ ಆಗುವುದಿಲ್ಲ ಎಂಬ ಮಾತನ್ನು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮತ್ತೆ ಜಾರಿದ್ದ ಆ ಕೈಯನ್ನು ನಾನೇ ಎತ್ತಿ ಮಡಿಲಲ್ಲಿಟ್ಟುಕೊಂಡೆ.