ಬಣಕಲ್ ಮೇಲೆ ಹಾದುಹೋಗುವ ವಿಮಾನ

ಚಿಕ್ಕಮಗಳೂರಿನ ಒಂದು ಕಾಫಿ ಕಂಪನಿಯಲ್ಲಿ ರುಚಿ ನೋಡುವುದು ನನ್ನ ಕೆಲಸ. ಸಾಲಾಗಿಟ್ಟ ಬಟ್ಟಲುಗಳಿಂದ ಚಮಚದಲ್ಲಿ ಹೀರಿ, ಉಗುಳಿ, ಯಾವ ಕಾಫಿ ಹೇಗಿದೆ ಎಂದು ಹೇಳಬೇಕು. ಕೆಲವು ವರ್ಷ ಈ ಕೆಲಸ ನನ್ನನ್ನು ಹೊರದೇಶಗಳಿಗೂ ಕರೆದೊಯ್ದಿತ್ತು. ಆಮೇಲೆ ಕೊಳ್ಳುವವರು ಸ್ಯಾಂಪಲ್ ಅನ್ನು ಕೊರಿಯರಿನಲ್ಲಿ ತರಿಸಿಕೊಂಡು ವಿಡಿಯೋ ಕಾಲಿನಲ್ಲೇ ಮಾತು ಮುಗಿಸತೊಡಗಿದರು. ನನ್ನ ಓಡಾಟ ನಿಂತಿತು. ಹಾರಿದ ದೂರಕ್ಕೆ ವಿಮಾನ ಕಂಪನಿಯವರು ನನ್ನ ಹೆಸರಿನಲ್ಲಿ ಜಮಾ ಮಾಡಿದ್ದ ಮೈಲುಗಳು ಮಾತ್ರ ಹಾಗೇ ಉಳಿದಿದ್ದವು.

ಕಳೆದ ವರ್ಷ ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಒಂದು ಭಾನುವಾರ ಬಣಕಲ್‌ನಲ್ಲಿ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಚಿಕ್ಕಮ್ಮ ನನ್ನ ಅಮ್ಮನ ತಂಗಿ. ರಸ್ತೆ ಪಕ್ಕದಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತಾರೆ. ಕೈ ತೊಳೆದು ಕೂತಿದ್ದಾಗ ಫೋನಿಗೆ ಮೆಸೇಜ್ ಬಂತು. ತಿಂಗಳ ಕೊನೆಯೊಳಗೆ ಬಳಸದಿದ್ದರೆ ನನ್ನ ಮೈಲುಗಳು ರದ್ದಾಗುತ್ತವಂತೆ. ಅದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ.

"ಮೈಲು ಹೆಂಗೆ ಕೆಡುತ್ತೆ ಮಾರಾಯ್ತಿ? ಅದೇನು ಹಾಲಾ?" ಎಂದರು.

ಅದು ಕಂಪನಿಯ ನಿಯಮ ಎಂದು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. "ನೀನು ಹಾರಿದ್ದು ಹಾರಿದ್ದೇ ಅಲ್ವನೇ. ಅದನ್ನ ಅವರು ಹೆಂಗೆ ಇಲ್ಲ ಅಂತಾರೆ?"

ಉಳಿದದ್ದಕ್ಕೆ ಏನು ಸಿಗುತ್ತದೆ ಎಂದು ಇಬ್ಬರೂ ಸೇರಿ ಹುಡುಕಿದೆವು. ಒಂದು ಸೂಟ್‌ಕೇಸ್ ಸಿಗುತ್ತಿತ್ತು. ಇಲ್ಲವಾದರೆ ಹತ್ತಿರದ ಯಾವುದಾದರೂ ಊರಿಗೆ ಎರಡು ಟಿಕೆಟ್. ಚಿಕ್ಕಮ್ಮ ಎಂದೂ ವಿಮಾನ ಹತ್ತಿದವರಲ್ಲ. "ನಿಮ್ಮನ್ನೇ ಕರ್ಕೊಂಡು ಹೋಗ್ತೀನಿ, ಎಲ್ಲಿಗೆ ಹೋಗಣ ಹೇಳಿ" ಎಂದೆ. ತಿರುಪತಿ ಅನ್ನಬಹುದು ಎಂದುಕೊಂಡಿದ್ದೆ. ಅವರು ಎದ್ದು ಅಂಗಳಕ್ಕೆ ಹೋಗಿ ದೇವರಮನೆ ಗುಡ್ಡದ ಕಡೆ ಕೈ ತೋರಿಸಿದರು.

"ಬೆಳಿಗ್ಗೆ ಹೊತ್ತು ಇಲ್ಲಿ ಮೇಲೆ ಒಂದು ವಿಮಾನ ಹೋಗುತ್ತೆ. ಅದು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಎಷ್ಟು ಜನರನ್ನ ಕೇಳಿದೀನಿ, ಒಬ್ಬರಿಗೂ ಗೊತ್ತಿಲ್ಲ. ಅದರಲ್ಲಿ ಕೂತು ಕೆಳಗೆ ನೋಡ್ಬೇಕು ನಂಗೆ."

ಆ ರಾತ್ರಿ ಅಲ್ಲೇ ಉಳಿದೆ. ವಿಮಾನಗಳ ದಾರಿ ತೋರಿಸುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು, ಬೆಳಿಗ್ಗೆ ಇಬ್ಬರೂ ಅಂಗಳದಲ್ಲಿ ಕತ್ತೆತ್ತಿ ನಿಂತೆವು. ಸದ್ದು ಕೇಳಿಸಿತು. ಪರದೆಯ ಮೇಲೂ ಪುಟ್ಟ ವಿಮಾನವೊಂದು ನಮ್ಮ ಊರಿನ ಪಕ್ಕಕ್ಕೆ ತೆವಳಿಕೊಂಡು ಬಂತು. ಬೆರಳಿಟ್ಟು ನೋಡಿದರೆ ಮಂಗಳೂರಿನಿಂದ ಬೆಂಗಳೂರಿಗೆ ಹೊರಟದ್ದು.

"ಅಯ್ಯೋ, ಇಷ್ಟೇನಾ! ನಾನು ದುಬೈಯಿಂದ ಅಂತ ತಿಳ್ಕೊಂಡಿದ್ದೆ" ಎಂದು ಚಿಕ್ಕಮ್ಮ ನಕ್ಕರು. ಆದರೂ ಅದೇ ವಿಮಾನವೇ ಬೇಕೆಂದರು.

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಬೆಂಗಳೂರು ಬಸ್ಸು ಮೂಡಿಗೆರೇಲೇ ಸಿಗುತ್ತೆ. ಅದನ್ನ ಬಿಟ್ಟು, ಘಟ್ಟ ಇಳಿದು ಮಂಗಳೂರಿಗೆ ಹೋಗಿ ಬೆಂಗಳೂರಿಗೆ ಹೋಗ್ತಾರಂತೆ!" ಎಂದರು. ನೀವೂ ಬನ್ನಿ ಎಂದರೆ, "ನಂಗೆ ಕೆಳಗಿಂದ ಕಂಡಿದ್ದೇ ಸಾಕು" ಎಂದು ಒಳಗೆ ಹೋದರು.

ಮೈಲುಗಳನ್ನು ಕೊಟ್ಟು ಆ ವಿಮಾನಕ್ಕೇ ಟಿಕೆಟ್ ಮಾಡಿಸಿ, ಹಾರುವ ಹಿಂದಿನ ದಿನವೇ ಚಾರ್ಮಾಡಿ ಘಟ್ಟ ಇಳಿದು ಮಂಗಳೂರಿನ ಲಾಡ್ಜಿನಲ್ಲಿ ಉಳಿದೆವು. ದೇವರಮನೆ ಯಾವ ಪಕ್ಕಕ್ಕೆ ಬರಬಹುದೆಂದು ನಕ್ಷೆ ನೋಡಿ ಎಡಗಡೆಯ ಕಿಟಕಿಯ ಸೀಟು ಹಿಡಿದಿದ್ದೆ. ವಿಮಾನ ನೆಲ ಬಿಟ್ಟಾಗ ಚಿಕ್ಕಮ್ಮ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು. ಅದೂ ಸ್ವಲ್ಪ ಹೊತ್ತು. ಘಟ್ಟ ಶುರುವಾದದ್ದೇ ತಡ, ಕೈ ಬಿಟ್ಟು ಹಣೆಯನ್ನು ಗಾಜಿಗೆ ಒತ್ತಿ ಕೂತರು.

"ತೋಟ ಎಲ್ಲೇ?"

ನಾನೂ ಬಗ್ಗಿ ಹುಡುಕಿದೆ. ಕಾಫಿ ಗಿಡವೆಲ್ಲ ನೆರಳಿನ ಮರಗಳ ಕೆಳಗೆ ಅಡಗಿತ್ತು. ಯಾವುದು ತೋಟ, ಯಾವುದು ಕಾಡು, ಯಾರ ಬೇಲಿ ಎಲ್ಲಿಗೆ ಮುಗಿಯಿತು, ಒಂದೂ ತಿಳಿಯಲಿಲ್ಲ. ಹುಟ್ಟಿ ಬೆಳೆದ ಸೀಮೆ ಇಷ್ಟೊಂದು ಅಪರಿಚಿತವಾಗಿ ಕಾಣಬಹುದೆಂದು ನಾನು ಎಣಿಸಿರಲಿಲ್ಲ. ಎಷ್ಟೋ ಸಲ ವಿಮಾನ ಹತ್ತಿದ್ದೇನೆ. ಊರು ದಾಟುವಾಗ ಕೆಳಗೆ ನೋಡಿದ ನೆನಪೇ ಇಲ್ಲ.

ಅಷ್ಟರಲ್ಲಿ ಗಗನಸಖಿ ನೀರಿನ ಬಾಟಲಿ ಹಿಡಿದು ಬಂದಳು. ಚಿಕ್ಕಮ್ಮ ಅವಳನ್ನೇ ಕೇಳಿಬಿಟ್ಟರು: "ಇದು ಯಾವ ಊರಮ್ಮ?"

ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ಗೊತ್ತಿಲ್ಲವೆಂದಳು. ಈ ದಾರಿಯಲ್ಲಿ ಎಷ್ಟೋ ಸಲ ಬಂದಿದ್ದೇನೆ, ಇದುವರೆಗೆ ಯಾರೂ ಕೇಳಿರಲಿಲ್ಲ ಎಂದು ನಕ್ಕು, ನಮ್ಮ ಮೇಲಿಂದ ಬಗ್ಗಿ ತಾನೂ ಕಿಟಕಿಗೆ ಕಣ್ಣು ಹಚ್ಚಿದಳು. ಆ ಹೊತ್ತಿಗೆ ಸರಿಯಾಗಿ ಮರಗಳ ನಡುವೆ ಬೋಳು ಹುಲ್ಲುಗುಡ್ಡವೊಂದು ಕಾಣಿಸಿತು. ಬೆನ್ನ ಮೇಲೆ ಸಪೂರ ರಸ್ತೆ.

"ಅದೇ! ದೇವರಮನೆ! ಅದರ ಈಚೆಗೆ ನಮ್ಮ ಮನೆ. ಒಂದ್ಸಲ ಬಾರಮ್ಮ, ಕಡುಬು ಮಾಡಿ ಹಾಕ್ತೀನಿ" ಎಂದು ಚಿಕ್ಕಮ್ಮ ಅವಳ ತೋಳು ಹಿಡಿದರು. ನಾನು ಅನುವಾದಿಸುವ ಮೊದಲೇ ಅವಳು ಜೋರಾಗಿ ತಲೆಯಾಡಿಸಿದಳು. ಅದು ನಿಜವಾಗಿ ದೇವರಮನೆಯೇ ಎಂದು ನಾನು ಆಣೆ ಮಾಡಲಾರೆ. ಆದರೆ ಆ ಕ್ಷಣದಲ್ಲಿ ಮೂವರಿಗೂ ಅದೇ ದೇವರಮನೆಯಾಗಿತ್ತು.

ಆಮೇಲೆ ಬಯಲುಸೀಮೆಯ ಕೆರೆಗಳು ಬಂದವು. ಚಿಕ್ಕಮ್ಮ ಬಿಸ್ಕತ್ತಿನ ಪೊಟ್ಟಣ ಬಿಡಿಸುವಷ್ಟರಲ್ಲಿ ವಿಮಾನ ಇಳಿಯತೊಡಗಿತು.

ಬೆಂಗಳೂರಿನಲ್ಲಿ ನಮ್ಮ ಬಳಿ ಇದ್ದದ್ದು ಕೈಚೀಲ ಮಾತ್ರ. ನೇರವಾಗಿ ಹೊರಗೆ ಹೋಗಬಹುದಿತ್ತು. ಆದರೆ ಬ್ಯಾಗುಗಳು ಸುತ್ತಿಕೊಂಡು ಬರುವ ಬೆಲ್ಟು ಕಂಡದ್ದೇ ಚಿಕ್ಕಮ್ಮ ಅಲ್ಲಿ ನಿಂತುಬಿಟ್ಟರು. ಬ್ಯಾಗುಗಳು ಆ ರಬ್ಬರಿನ ಪರದೆಯ ಹಿಂದೆ ಎಲ್ಲಿಂದ ಬರುತ್ತವೆ, ಹಾಕುವವರು ಯಾರು ಎಂದು ಬಗ್ಗಿ ಬಗ್ಗಿ ನೋಡಿದರು. ಜನ ಒಬ್ಬೊಬ್ಬರೇ ತಮ್ಮದನ್ನು ಎತ್ತಿಕೊಂಡು ಹೊರಟರು. ಕೊನೆಗೆ ಹಗ್ಗ ಕಟ್ಟಿದ ಒಂದು ಪೆಟ್ಟಿಗೆ ಮಾತ್ರ ಸುತ್ತುತ್ತಿತ್ತು.

"ಬನ್ನಿ ಚಿಕ್ಕಮ್ಮ, ಊರಿಗೆ ವಾಪಸ್ ಹೋಗೋ ಬಸ್ಸು ತಪ್ಪುತ್ತೆ."

"ತಡಿಯೇ. ಇದು ಯಾರದ್ದು ಅಂತ ನೋಡ್ಕೊಂಡೇ ಹೋಗಣ."

ಒಬ್ಬ ಮುದುಕ ಮುಖ ಒರೆಸಿಕೊಳ್ಳುತ್ತಾ ಶೌಚಾಲಯದ ಕಡೆಯಿಂದ ಅವಸರವಾಗಿ ಬಂದು ಆ ಪೆಟ್ಟಿಗೆಗೆ ಕೈ ಹಾಕಿದ. ಒಬ್ಬನಿಂದ ಎತ್ತಲಾಗಲಿಲ್ಲ. ಚಿಕ್ಕಮ್ಮ ಹೋಗಿ ಇನ್ನೊಂದು ತುದಿ ಹಿಡಿದರು. ಹಿಡಿದುಕೊಂಡೇ ಒಳಗೆ ಏನಿದೆ ಎಂದು ಕೇಳಿದರು. ಮಗಳ ಮನೆಗೆ ಹಲಸಿನ ಹಪ್ಪಳ, ಉಪ್ಪಿನಕಾಯಿ ಅಂತೆ. ಉಪ್ಪಿನಕಾಯಿಗೆ ಎಂಥ ಮಾವು ಹಾಕಿದ್ದು ಎಂಬ ಮಾತು ಮುಗಿಯುವವರೆಗೂ ನಾನು ಆ ಪೆಟ್ಟಿಗೆಗೆಂದು ತಂದ ಟ್ರಾಲಿ ಹಿಡಿದು ನಿಂತಿದ್ದೆ.